ಕುರ್ಚಿ ನುಂಗಿದ ತಾತ

ಜಗುಲಿಯ ಮೇಲಿನ ನಮ್ಮ ಬೆತ್ತದ ಕುರ್ಚಿ ಮೊನ್ನೆ ನನ್ನನ್ನು ಅರ್ಧ ನುಂಗಿತು. ಮಂಡಿ ಗಲ್ಲಕ್ಕೆ ತಾಗಿ, ಸೊಂಟ ನೆಲದತ್ತ ಇಳಿದು, ಒರಳಿಗೆ ಸಿಕ್ಕ ಕುಂಬಳಕಾಯಿಯ ಹಾಗೆ ಕೂತಿದ್ದೆ. ಒಂಬತ್ತನೇ ಕ್ಲಾಸಿನ ಮೊಮ್ಮಗಳು ವಿಜ್ಞಾನದ ಪುಸ್ತಕದಿಂದ ತಲೆಯೆತ್ತಿ, “ತಾತ, ಪರಮಾಣುವಿನೊಳಗೆ ಬಹುಪಾಲು ಖಾಲಿಯಂತೆ. ಕುರ್ಚಿಯೂ ಖಾಲಿ, ನೀನೂ ಖಾಲಿ. ಇಷ್ಟು ದಿನ ಬೀಳದೆ ಇದ್ದದ್ದೇ ಹೆಚ್ಚು” ಅಂದಳು. ಕೈಕೊಟ್ಟು ಎತ್ತುವ ಯೋಚನೆ ಅವಳಿಗೆ ಆಮೇಲೆ ಬಂತು.

ನಾನು ಓದುವಾಗ ಪರಮಾಣು ಇಷ್ಟು ಟೊಳ್ಳಾಗಿರಲಿಲ್ಲ. ಅಥವಾ ಮೇಷ್ಟ್ರು ಅದನ್ನು ಹೇಳಿದ ದಿನ ನಾನು ಕಿಟಕಿಯಾಚೆಯ ಮಾವಿನಮರ ನೋಡುತ್ತಿದ್ದಿರಬೇಕು. 1897ರಲ್ಲಿ ಎಲೆಕ್ಟ್ರಾನ್ ಕಂಡುಹಿಡಿದ ಥಾಮ್ಸನ್ ಸಾಹೇಬರೂ ಟೊಳ್ಳೆನ್ನಲಿಲ್ಲ. ಕೇಸರಿಬಾತಿನಲ್ಲಿ ದ್ರಾಕ್ಷಿ ಹುದುಗಿದಂತೆ ಧನ ವಿದ್ಯುತ್ತಿನ ಮುದ್ದೆಯೊಳಗೆ ಎಲೆಕ್ಟ್ರಾನ್‌ಗಳಿವೆ ಎಂದುಕೊಂಡಿದ್ದರು. ಕೇಸರಿಬಾತು ಕೆಡಿಸಿದವರು ಅವರ ಶಿಷ್ಯ ರದರ್‌ಫರ್ಡ್. ಮ್ಯಾಂಚೆಸ್ಟರಿನಲ್ಲಿ ಗೈಗರ್, ಮಾರ್ಸ್‌ಡೆನ್ ಇಬ್ಬರನ್ನೂ ಕತ್ತಲೆ ಕೋಣೆಯಲ್ಲಿ ಕೂರಿಸಿ, ಚಿನ್ನದ ರೇಕಿನ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದರು. (ನಮ್ಮ ಮನೆಯಾಕೆ ಕೇಳಿದ್ದು, “ಆ ಚಿನ್ನ ಆಮೇಲೆ ಯಾರಿಗೆ ಹೋಯ್ತು?”) ಕಣಗಳು ಅಡ್ಡಿಯಿಲ್ಲದೆ ದಾಟಿದವು, ಸಾವಿರಾರರಲ್ಲಿ ಒಂದು ಮಾತ್ರ ಏನನ್ನೋ ಮರೆತವರಂತೆ ಹಿಂದಕ್ಕೆ ಬಂತು. 1911ರಲ್ಲಿ ಅವರು ಹೇಳಿದರು: ಹೆಚ್ಚುಕಡಿಮೆ ತೂಕವೆಲ್ಲ ನಡುವಿನ ಬೀಜಕೇಂದ್ರದಲ್ಲಿದೆ. ಹೈಡ್ರೋಜನ್ನಿನ ಆ ಬೀಜವನ್ನು ಸಾಸಿವೆಕಾಳಿನಷ್ಟು ಮಾಡಿದರೆ ಪರಮಾಣು ನೂರು ಮೀಟರಿಗೂ ಮಿಗಿಲು. ಅಂದರೆ ನಮ್ಮನೆಯಿಂದ ರೇಷನ್ ಅಂಗಡಿ.

ಎಲೆಕ್ಟ್ರಾನಿನ ತೂಕ ಬೀಜಕೇಂದ್ರದ ಪ್ರೋಟಾನಿನ ತೂಕದಲ್ಲಿ 1836ರಲ್ಲೊಂದು ಪಾಲು. 80 ಕಿಲೋ ತೂಗುವ ನನ್ನಿಂದ ಅವನ್ನೆಲ್ಲ ಗುಡಿಸಿ ತೆಗೆದರೂ ಇಳಿಯುವುದು ಸುಮಾರು 24 ಗ್ರಾಂ. ಡಾಕ್ಟರು ಒಪ್ಪುವುದಿಲ್ಲ.

ಬೀಜಕೇಂದ್ರದೊಳಗೆ ನನಗೆ ಮೆಚ್ಚಾದದ್ದು ನ್ಯೂಟ್ರಾನ್. ಧನವೂ ಇಲ್ಲ, ಋಣವೂ ಇಲ್ಲ. ಪೆನ್ಷನ್‌ದಾರನ ಕನಸಿನ ಬಾಳು. ಯಾರ ತಂಟೆಗೂ ಹೋಗದ್ದರಿಂದಲೇ 1932ರಲ್ಲಿ ಚಾಡ್ವಿಕ್ ಹಿಡಿಯುವವರೆಗೆ ಹಾಯಾಗಿ ತಲೆಮರೆಸಿಕೊಂಡಿತ್ತು.

ಸರಿ, ಎಲ್ಲ ಖಾಲಿಯಾದರೆ ಇಷ್ಟು ವರ್ಷ ಕುರ್ಚಿ ನನ್ನನ್ನು ಹೊತ್ತದ್ದು ಹೇಗೆ? ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಹಿಡಿದ ಸೀಟಿನಂತೆ, ಒಂದು ಎಲೆಕ್ಟ್ರಾನ್ ಹಿಡಿದ ಸ್ಥಿತಿಗೆ ಇನ್ನೊಂದು ನುಗ್ಗುವಂತಿಲ್ಲ. 1925ರಲ್ಲಿ ಪೌಲಿ ಕಂಡ ನಿಯಮ. ಮೇಲಾಗಿ ಋಣಕ್ಕೂ ಋಣಕ್ಕೂ ಆಗಿಬರುವುದಿಲ್ಲ. ಜಾಗ ಇದ್ದೂ ಬಿಡುವುದಿಲ್ಲ!

ನಿನ್ನೆ ಬೆತ್ತ ಹೆಣೆಯುವವನು ಬಂದ. “ಕಣ್ಣು ಸಣ್ಣದಾಗಿ ಹೆಣೀಲಾ ಸ್ವಾಮಿ, ದೊಡ್ಡದಾಗಿ ಹೆಣೀಲಾ? ದೊಡ್ಡದಾದ್ರೆ ಬೆತ್ತ ಕಮ್ಮಿ ಹಿಡಿಯುತ್ತೆ” ಎಂದ.

“ಕಣ್ಣೇ ಇಲ್ಲದ ಹಾಗೆ ಹೆಣಿಯಪ್ಪ” ಎಂದೆ. ಒಳಗಿನಿಂದ ಮೊಮ್ಮಗಳು ಕಿಸಕ್ಕನೆ ನಕ್ಕಳು.