ಪಾವಿನ ಪಾಡು

ನಮ್ಮನೆ ಹಿತ್ತಾಳೆ ಪಾವು ನನ್ನ ಅಜ್ಜಿಗಿಂತ ಹಿರಿದು. ಸೊಂಟ ನೆಗ್ಗಿದೆ, ಬಾಯಂಚು ಸವೆದಿದೆ. ಮೊನ್ನೆ ಹಣ್ಣಿನ ಕೇಕ್ ಮಾಡಲು ಹೊರಟವಳು, ‘ಒಣದ್ರಾಕ್ಷಿ 200 ಗ್ರಾಂ’ ಎಂದಿದ್ದ ಕಡೆ 200 ಮಿಲಿಲೀಟರಿನ ಲೋಟ ತುಂಬಿ ಸುರಿದೆ. ಮನೆಯವರು ಕೇಕಿನಲ್ಲಿ ದ್ರಾಕ್ಷಿ ಹುಡುಕಲು ಕನ್ನಡಕ ಕೇಳಿದರು. ಆ ರಾತ್ರಿ ಅಕ್ಕಿ ಡಬ್ಬದಲ್ಲಿ ಮಲಗಿದ್ದ ಪಾವಜ್ಜನನ್ನು ಎಬ್ಬಿಸಿ ಮಾತಿಗೆಳೆದೆ.

ಅಜ್ಜಾ, 200 ಅಂದರೆ 200 ಅಲ್ಲವೇ? ತಪ್ಪಿದ್ದೆಲ್ಲಿ?

ಆ ಲೆಕ್ಕ ನೀರಿಗೆ ಕಣಮ್ಮ. ನೀರು ಸತ್ಯಹರಿಶ್ಚಂದ್ರ, ಒಂದು ಮಿಲಿಲೀಟರಿಗೆ ಒಂದು ಗ್ರಾಂ ತೂಗುತ್ತೆ. ಒಣದ್ರಾಕ್ಷಿ ನಡುವೆ ಗಾಳಿ ಕೂತಿರುತ್ತೆ. ನಿನ್ನ ಲೋಟದಲ್ಲಿ 120 ಗ್ರಾಂ ಇದ್ದಿರಬೇಕು, ಅಷ್ಟೆ. ಉಳಿದದ್ದು ಗಾಳಿ.

ಹಾಗಾದರೆ ಒಂದು ಕಪ್ಪಿಗೆ ಎಷ್ಟು ಗ್ರಾಂ, ಒಂದೇ ಮಾತಲ್ಲಿ ಹೇಳಿಬಿಡಿ.

ಯಾರ ಕಪ್ಪು? ಅಮೆರಿಕದ್ದು ಸುಮಾರು 240 ಮಿಲಿಲೀಟರು, ಆಸ್ಟ್ರೇಲಿಯಾದ್ದು 250. ಯೂಟ್ಯೂಬಿನಲ್ಲಿ ಅಡುಗೆ ಮಾಡೋ ಆಯಮ್ಮನದು ಕಾಫಿ ಕುಡಿಯೋ ಕಪ್ಪು. ಅದು ಎಷ್ಟು ಹಿಡಿಯುತ್ತೆ ಅಂತ ಆಕೆಗೂ ಗೊತ್ತಿಲ್ಲ.

ಅಮೆರಿಕದ್ದೇ ಇಟ್ಟುಕೊಳ್ಳಿ.

ಅಲ್ಲಿನ ಕೃಷಿ ಇಲಾಖೆಯ ಪಟ್ಟಿಯಲ್ಲಿ ಒಣದ್ರಾಕ್ಷಿ ಸಡಿಲವಾಗಿ ತುಂಬಿದರೆ 145 ಗ್ರಾಂ, ಒತ್ತಿ ತುಂಬಿದರೆ 165. ಅದೇ ಕಪ್ಪು, ಅದೇ ದ್ರಾಕ್ಷಿ. ಮಿಕ್ಕ 20 ಗ್ರಾಂ ಹೆಬ್ಬೆರಳಿನ ಸಂಪಾದನೆ. ನನಗೇನೂ ಆಶ್ಚರ್ಯವಿಲ್ಲ. ‘ಲಾಭ, ಎರಡು, ಮೂರು’ ಅಂತ ಎಣಿಸಿ ಅಳೆಯೋ ಕಾಲದಲ್ಲೂ, ಕೊಳ್ಳೋವಾಗ ಗೋಪುರ ಕಟ್ಟೋರು, ಮಾರೋವಾಗ ಅಂಗೈಯಲ್ಲಿ ಸವರೋರು. ಎರಡಕ್ಕೂ ‘ಒಂದು ಪಾವು’ ಅಂತಲೇ ಹೆಸರು. ನನ್ನ ಬಾಯಿ ಸವೆದದ್ದು ಯಾಕೆ ಅಂದುಕೊಂಡೆ?

ಮಿಕ್ಕ ಹಣ್ಣುಗಳು?

ಅದೇ ಪಟ್ಟಿಯಲ್ಲಿ ಒಣ ಏಪ್ರಿಕಾಟ್ ಹೋಳು 130, ಹೆಚ್ಚಿದ ಖರ್ಜೂರ 147, ಬೀಜ ತೆಗೆದ ಪ್ರೂನ್ 174. ಏಪ್ರಿಕಾಟು ಮುದುರಿಕೊಂಡು ಕೂತು ಸಂದು ಬಿಡುತ್ತೆ. ಪ್ರೂನು ಮೆತ್ತಗೆ, ಸಂಜೆ ಸಿಟಿ ಬಸ್ಸಿನಲ್ಲಿ ನಿಂತೋರ ಹಾಗೆ ಪಕ್ಕದವರ ಮೇಲೆ ಒರಗುತ್ತೆ. ಇನ್ನೊಂದು ಮಾತು. ‘ಹೆಚ್ಚಿದ ಖರ್ಜೂರ ಒಂದು ಕಪ್ಪು’ ಬೇರೆ, ‘ಖರ್ಜೂರ ಒಂದು ಕಪ್ಪು, ಹೆಚ್ಚಿಕೊಳ್ಳಿ’ ಬೇರೆ. ತಕ್ಕಡಿಗೆ ಈ ತಕರಾರಿಲ್ಲ. ಇಡೀದು ನೂರಾದರೆ ಹೆಚ್ಚಿದ್ದೂ ನೂರೇ, ಚಾಕುವಿಗೆ ಅಂಟಿದ್ದು ಬಿಟ್ಟು.

ತಕ್ಕಡಿಯನ್ನು ಹೊಗಳುತ್ತಿದ್ದೀರಿ! ಹೊಟ್ಟೆಕಿಚ್ಚಿಲ್ಲವೇ?

ಇಲ್ಲದೆ ಏನು? 1956ರಲ್ಲಿ ಕಾಯಿದೆ ತಂದರು. ಆಮೇಲೆ ಚಟಾಕು, ಪಾವು, ಅಚ್ಚೇರು, ಸೇರು, ನಮ್ಮ ವಂಶವನ್ನೇ ಅಂಗಡಿಯಿಂದ ಹೊರಗೆ ಹಾಕಿದರು. ಅಡುಗೆಮನೆಗೆ ಇನ್‌ಸ್ಪೆಕ್ಟರು ಬರಲಿಲ್ಲ, ಬದುಕಿಕೊಂಡೆ. ಅನ್ನಕ್ಕೆ ಇವತ್ತಿಗೂ ನಾನೇ ಸೈ. ಒಂದು ಪಾವು ಅಕ್ಕಿಗೆ ಎರಡು ಪಾವು ನೀರು. ನನ್ನ ಸೊಂಟ ನೆಗ್ಗಿದ್ದರೇನು, ಎರಡನ್ನೂ ಅಳೆದದ್ದು ನನ್ನಲ್ಲೇ ತಾನೇ? ಕೇಕಿಗೆ ಹಿಟ್ಟು ಗ್ರಾಮಿನಲ್ಲಿ, ಹಣ್ಣು ಲೋಟದಲ್ಲಿ ಅಂತ ಹೊರಟರೆ ಎರಡು ದೋಣಿ ಮೇಲೆ ಕಾಲಿಟ್ಟ ಹಾಗೆ.

ಹಣ್ಣು ನೆನೆಸಿಟ್ಟು ತೂಗಬಹುದೇ?

ಮುಂಚೆಯೇ ತೂಗು. ನೆಂದ ಮೇಲೆ ತೂಗಿದರೆ ಕುಡಿದದ್ದರ ತೂಕವೂ ಸೇರಿಕೊಳ್ಳುತ್ತೆ.

ಈಗ ನಾನೇನು ಮಾಡಲಿ?

ಎದುರುಮನೆಯಿಂದ ತಕ್ಕಡಿ ಇಸಕೊಂಡು ಬಾ. ನನ್ನಲ್ಲಿ ಎಷ್ಟು ಹಿಡಿಯುತ್ತೆ ಅಂತ ಒಂದು ಸಲ ತೂಗಿ ಬರೆದಿಡು. ಬೇರೆಯವರ ಪಾವಿನ ಲೆಕ್ಕ ತಂದು ನನ್ನ ತಲೆಗೆ ಕಟ್ಟಬೇಡ. ದೀಪ ಆರಿಸು.

ಬೆಳಿಗ್ಗೆ ತಕ್ಕಡಿ ತಂದೆ. ಅಲಮಾರಿನ ಬಾಗಿಲ ಒಳಗಡೆ ಪೆನ್ಸಿಲಿನಲ್ಲಿ ಬರೆದಿದ್ದೇನೆ: ನೀರು 212 ಗ್ರಾಂ, ಒಣದ್ರಾಕ್ಷಿ ಸಡಿಲವಾಗಿ 128, ಒತ್ತಿದರೆ 146. ನಿಮ್ಮ ಪಾವಿನದು ನೀವೇ ತೂಗಿಕೊಳ್ಳಿ.