ಮಡಿಯುಟ್ಟ ಲ್ಯಾಪ್‌ಟಾಪ್

ಕಂಡವರ ಫೋನಿಗೆಲ್ಲ ಕಿವಿಗೊಡುತ್ತದೆಂದು ಹೆಸರಾದ ಅಮೆರಿಕದ ಎನ್‌ಎಸ್‌ಎ, 2000ದ ಡಿಸೆಂಬರಿನಲ್ಲಿ ಎಸ್‌ಇಲಿನಕ್ಸ್ ಎಂಬ ಕಾವಲುವ್ಯವಸ್ಥೆಯನ್ನು ಜಗತ್ತಿಗೆ ಪುಕ್ಕಟೆ ಕೊಟ್ಟಿತು. 2003ರ ಹೊತ್ತಿಗೆ ಅದು ಲಿನಕ್ಸ್ ಕರ್ನಲ್ಲಿನೊಳಗೇ ಬಿಡಾರ ಹೂಡಿತು. ಅದರ ಸ್ವಭಾವ ಥೇಟ್ ಮಡಿಯುಟ್ಟ ಅಜ್ಜಿಯದು. ಪ್ರತಿ ಫೈಲಿಗೂ ಪ್ರತಿ ಪ್ರೋಗ್ರಾಮಿಗೂ ಒಂದು ಲೇಬಲ್, ಯಾರು ಏನನ್ನು ಮುಟ್ಟಬಹುದು ಎನ್ನುವುದಕ್ಕೆ ಒಂದು ಪಾಲಿಸಿ, ಅದರಲ್ಲಿಲ್ಲದ್ದು ನಿಷಿದ್ಧ. ರೂಟ್ ಆಗಿ ಬಂದರೂ ಅಷ್ಟೇ. ಯಜಮಾನನೆಂದು ಮೈಲಿಗೆಯಲ್ಲಿ ಅಡುಗೆಮನೆ ಹೊಗಲಾದೀತೆ?

ಇಂಥ ಮನೆಗೆ 2015ರಲ್ಲಿ ರಿಚರ್ಡ್ ಹ್ಯೂಸ್ ಎಂಬ ಪುಣ್ಯಾತ್ಮ ಎಫ್‌ಡಬ್ಲ್ಯೂಅಪ್‌ಡಿ ಎಂಬ ಫರ್ಮ್‌ವೇರ್ ಅಪ್‌ಡೇಟ್ ಪ್ರೋಗ್ರಾಮನ್ನು ಕಳಿಸಿದ. ಬಯಾಸ್ ಅಪ್‌ಡೇಟ್ ಮಾಡಲೆಂದೇ ವಿಂಡೋಸ್ ಇಟ್ಟುಕೊಂಡಿದ್ದವರಿಗೆ ಅದು ದೊಡ್ಡ ಉಪಕಾರವೇ. ಆದರೆ ಬಯಾಸ್, ಎಸ್‌ಎಸ್‌ಡಿ, ವೆಬ್‌ಕ್ಯಾಮ್, ಡಾಕ್ ಎಂದು ಸಿಕ್ಕಿದ್ದನ್ನೆಲ್ಲ ಮುಟ್ಟಿ ನೋಡುವುದೇ ಅದರ ಕಸುಬು. ಹೊಸ ಆವೃತ್ತಿ ಹೊಸದೇನನ್ನೋ ಮುಟ್ಟಹೋಗುತ್ತದೆ, ಪಾಲಿಸಿ ಇನ್ನೂ ಹಳೆಯದೇ ಇರುತ್ತದೆ. ಶುರುವಾಯಿತು ರಂಪ.

ಮೊನ್ನೆ ಪರದೆಯ ಮೇಲೆ ಎಚ್ಚರಿಕೆ ಪುಟಿದದ್ದೇ ಹೆಂಡತಿ ಹೌಹಾರಿದಳು.

"ಏನ್ರೀ, ಹ್ಯಾಕ್ ಆಗಿದೆಯಾ?"

"ಇಲ್ವೇ, ನಮ್ಮವನೇ ನಮ್ಮವನನ್ನು ಹಿಡಿದು ಹಾಕಿದ್ದಾನೆ."

"ಹಾಗಾದ್ರೆ ಕಳ್ಳ ಯಾರು?"

ಆ ಪ್ರಶ್ನೆಗೆ ಎಚ್ಚರಿಕೆಯಲ್ಲೂ ಉತ್ತರವಿರಲಿಲ್ಲ. ಇಂಥ ಫೈಲಿಗೆ ಇಂಥ ಪ್ರವೇಶ ನಿರಾಕರಿಸಲಾಗಿದೆ ಎಂಬ ಒಂದು ಸಾಲು. ಕೆಳಗೆ 'ಕ್ಯಾಚಾಲ್' ಪ್ಲಗಿನ್ನಿನ ಸಲಹೆ, ನೂರಕ್ಕೆ ನೂರು ವಿಶ್ವಾಸದೊಂದಿಗೆ. ಬೇರೆ ಯಾವ ವಿವರಣೆಯೂ ಹೊಂದದಿದ್ದಾಗಲೇ ಈ ಕ್ಯಾಚಾಲ್‌ಗೆ ನೂರಕ್ಕೆ ನೂರು ಬರುವುದು. ಏನೂ ತೋಚದಾಗಲೇ ಇಷ್ಟು ವಿಶ್ವಾಸ ಬರುವುದನ್ನು ನಾನು ಟಿವಿ ಚರ್ಚೆಗಳಲ್ಲಿ ಮಾತ್ರ ಕಂಡಿದ್ದೆ.

ಸಲಹೆಯೂ ಸ್ವಾರಸ್ಯವಾಗಿದೆ: ಈ ಪ್ರವೇಶ ಇರಬೇಕಾದದ್ದೇ ಎಂದು ನಿಮಗನ್ನಿಸಿದರೆ ಬಗ್ ಎಂದು ವರದಿ ಮಾಡಿ, ಸದ್ಯಕ್ಕೆ ಈ ಎರಡು ಕಮಾಂಡ್ ಹಾಕಿ, ಆಡಿಟ್‌ಟುಅಲೌ ಎಂಬ ಸಾಧನ ನಿಮ್ಮದೇ ಪಾಲಿಸಿ ತುಣುಕೊಂದನ್ನು ಬರೆದುಕೊಡುತ್ತದೆ. ಅಂದರೆ ಮಡಿ ಮುರಿಯುವ ಮಂತ್ರವನ್ನು ಅಜ್ಜಿಯೇ ಹೇಳಿಕೊಡುತ್ತಾಳೆ! ಓದದೆ ಅಂಟಿಸಿ ಎಂಟರ್ ಒತ್ತುವವರೇ ಹೆಚ್ಚು. ಇಷ್ಟು ಬಿಗಿಯ ಕಾವಲು ಕಡೆಗೆ ನಿಂತಿರುವುದು ಅವರ ಕಿರುಬೆರಳಿನ ಮೇಲೆ.

ಇದಾವುದೂ ಬೇಡವೆನ್ನುವ ಅವಸರದವರಿಗೆ 'ಸೆಟ್‌ಎನ್‌ಫೋರ್ಸ್ 0' ಇದೆ. ಯಾರನ್ನೂ ತಡೆಯದ ಪರ್ಮಿಸಿವ್ ಸ್ಥಿತಿ. ಹೆಂಡತಿಯ ಸಮಾಧಾನಕ್ಕೆಂದು ಅದನ್ನೂ ಹಾಕಿದೆ. ಎಫ್‌ಡಬ್ಲ್ಯೂಅಪ್‌ಡಿ ಧಾರಾಳವಾಗಿ ಒಳಹೋಯಿತು. ಎಚ್ಚರಿಕೆ ಮಾತ್ರ ಮತ್ತೆ ಪುಟಿಯಿತು. ತಡೆಯದಿದ್ದರೂ ಲಾಗಿನಲ್ಲಿ ಗೊಣಗುವುದನ್ನು ಈ ಸ್ಥಿತಿಯಲ್ಲೂ ಬಿಡುವುದಿಲ್ಲವಂತೆ. ರೀಬೂಟ್ ಮಾಡಿದೆ. ಅಜ್ಜಿ ಮತ್ತೆ ಮಡಿ.