ಹೊಸ ಪ್ಲಾಟಿಗೆ ಸಂಸಾರ ಸಾಗಿಸುವ ಶಾಸ್ತ್ರೋಕ್ತ ವಿಧಾನ

ಮೊದಲು ಇನ್ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಮೊದಲ ಪುಟದ ಮೇಲೆ ‘ಶ್ರೀ’ ಬರೆಯಿರಿ. ಅದರ ಕೆಳಗೆ ‘ಮನೆ ಖರ್ಚು’ ಎಂದು ಬರೆದು ಎರಡು ಗೆರೆ ಎಳೆಯಿರಿ. ಇಷ್ಟಾದ ಮೇಲೆ ಮುಚ್ಚಿ ದೇವರ ಮುಂದಿಡಿ. ಗ್ರ್ಯಾಚುಯಿಟಿ ದುಡ್ಡು ಕೈಗೆ ಬರುವ ಮೊದಲೇ ಲೆಕ್ಕ ಬರೆಯುವುದು ಅಪಶಕುನ. ಬಂದ ಮೇಲೆ ಬರೆಯುವುದಕ್ಕೆ ಪುರಸೊತ್ತು ಇರುವುದಿಲ್ಲ.

ಈ ಕೈಪಿಡಿ ಮುಖ್ಯವಾಗಿ ಕ್ವಾರ್ಟರ್ಸಿನವರಿಗೆ. ದಾಂಡೇಲಿಯ ಪೇಪರ್ ಮಿಲ್ಲಿನ ಕಾಲೋನಿ ಇರಲಿ, ಅಂಬಿಕಾನಗರ, ಗಣೇಶಗುಡಿಗಳ ವಿದ್ಯುತ್ ನಿಗಮದ (ಕೆಪಿಸಿ) ಕಾಲೋನಿ ಇರಲಿ, ಅರಣ್ಯ ಇಲಾಖೆಯ ಹೆಂಚಿನ ಮನೆ ಇರಲಿ, ಮೂವತ್ತು ವರ್ಷ ನೀವು ಅಲ್ಲಿದ್ದಿರಿ. ನಲ್ಲಿ ತಿರುಗಿಸಿದರೆ ನೀರು ಬಂತು. ಫ್ಯೂಸು ಹೋದರೆ ಚೀಟಿ ಬರೆದು ಕೊಟ್ಟಿರಿ, ಆಳು ಬಂದ. ಬೆಳಗಾಯಿತು ಎಂಬುದನ್ನೂ ಮಿಲ್ಲಿನ ಭೋಂಗಾ ಹೇಳಿತು. ಈಗ ನಿವೃತ್ತಿ, ಮನೆ ಖಾಲಿ ಮಾಡಬೇಕು. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲು ಸ್ಥಾಪನೆಯಾದದ್ದು 1955ರಲ್ಲಿ. ಅಂದರೆ ಅಜ್ಜ, ಅಪ್ಪ, ಮಗ ಹೀಗೆ ಮೂರು ತಲೆಮಾರು ಕ್ವಾರ್ಟರ್ಸ್ ಬಿಟ್ಟು ಹೊರಬಿದ್ದ ಅನುಭವ ಆ ಊರಿಗಿದೆ. ಆದರೂ ಪ್ರತಿಯೊಬ್ಬರೂ ತಾವೇ ಮೊದಲಿಗರು ಎಂಬಂತೆ ಎಡವುತ್ತಾರೆ, ಅದೂ ಅಡ್ಡಾದಿಡ್ಡಿಯಾಗಿ. ಕ್ರಮವಾಗಿ ಎಡವುವುದನ್ನು ಕಲಿಯಿರಿ.

ಪ್ಲಾಟು ನೋಡಲು ಶಿವರಾತ್ರಿಯಿಂದ ಯುಗಾದಿಯ ಒಳಗೆ ಹೋಗಿ. ಆಗ ಹಳಿಯಾಳದ ಸುತ್ತಲಿನ ಭತ್ತದ ಗದ್ದೆಗಳು ಒಣಗಿ, ಬಿರಿದು, ಕ್ರಿಕೆಟ್ ಆಡುವ ಹಾಗೆ ಸಪಾಟಾಗಿರುತ್ತವೆ. ಸುಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಂತಿರುತ್ತವೆ. ಮೂವತ್ತು ಅಡಿ ರಸ್ತೆಗೆ ಕೆಂಪು ಮಣ್ಣು ಹೊಸದಾಗಿ ಬಿದ್ದಿರುತ್ತದೆ. ಬದುವಿನ ಮೇಲೆ ಎಮ್ಮೆ ಮೇಯಿಸುವ ಮುದುಕನೊಬ್ಬ ಕೂತಿರುತ್ತಾನೆ. ಅವನನ್ನು ಮಾತಾಡಿಸಬೇಡಿ. ಗದ್ದೆಯಲ್ಲಿ ನೀರು ನಿಲ್ಲುತ್ತದೆ, ನಿಲ್ಲುವುದರಿಂದಲೇ ಅದು ಗದ್ದೆ ಎಂಬ ಅನವಶ್ಯಕ ಮಾತನ್ನು ಹೇಳಿಬಿಡುತ್ತಾನೆ. ಜುಲೈ ತಿಂಗಳಲ್ಲಂತೂ ನೋಡಲು ಹೋಗಲೇಬೇಡಿ. ಕಪ್ಪೆಗಳು ಏಜೆಂಟನಿಗಿಂತ ಜೋರಾಗಿ ಮಾತಾಡುತ್ತವೆ.

ಜೋಯಿಡಾ ಕಡೆ ಕೊಳ್ಳುವವರು ಹಸಿರು ನೋಡಿ, ಗಾಳಿ ಕುಡಿದು, ಅಲ್ಲಿಯೇ ಅಡ್ವಾನ್ಸ್ ಕೊಡಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಗಡಿ ಎಲ್ಲಿಂದ ಎಲ್ಲಿಗೆ ಎಂದು ಕೇಳಿ ಏಜೆಂಟನಿಗೂ ಹುಲಿಗೂ ಮುಜುಗರ ಮಾಡಬೇಡಿ. ಮುಂಡಗೋಡದಲ್ಲಾದರೆ ಕೆರೆಯ ಬದಿಯ ಪ್ಲಾಟು ಆರಿಸಿ. ಅದಕ್ಕೆ ಎರಡು ರೂಪ: ಬೇಸಿಗೆಯಲ್ಲಿ ಪ್ಲಾಟು, ಮಳೆಗಾಲದಲ್ಲಿ ಕೆರೆ. ದಸರೆ ಕಳೆದು ಭತ್ತ ತೆನೆಗಟ್ಟುವ ಹೊತ್ತಿಗೆ ದಾಂಡೇಲಿ ಕಾಡಿನ ಆನೆಗಳು ಹಳಿಯಾಳ, ಮುಂಡಗೋಡದ ದಿಕ್ಕಿಗೆ ಹೊರಡುತ್ತವೆ. ಅವು ಹಳೆಯ ದಾರಿ ಹಿಡಿದು ಬರುವ ಪ್ರಾಣಿಗಳು, ಹೊಸ ಲೇಔಟಿನ ನಕ್ಷೆ ನೋಡಿಲ್ಲ. ಆದ್ದರಿಂದ ಕಂಪೌಂಡಿನ ಖರ್ಚನ್ನು ಮುಂದಿನ ವರ್ಷಕ್ಕೆ ಹಾಕಿ. ಬಾಳೆಗಿಡ ಮಾತ್ರ ಈ ವರ್ಷವೇ ನೆಡಿ.

ಮುಂಡಗೋಡಕ್ಕೆ ಹೋದಾಗ ಟಿಬೆಟನ್ ಕ್ಯಾಂಪಿನ ಕಡೆ ತಲೆ ತಿರುಗಿಸಬೇಡಿ. ದೇಶವನ್ನೇ ಬಿಟ್ಟು ಬಂದ ಜನ ಅವರು. 1960ರ ದಶಕದಲ್ಲಿ ಕಾಡಿನ ಜಾಗದಲ್ಲಿ ಸಂಸಾರ ಹೂಡಿದರು. ಕ್ಯಾಂಪಿಗೊಂದು ಚಂದದ ಹೆಸರಿಡುವ ಗೋಜಿಗೂ ಹೋಗದೆ ಒಂದನೇ ಕ್ಯಾಂಪು, ಎರಡನೇ ಕ್ಯಾಂಪು ಎಂದು ಎಣಿಸಿಕೊಂಡು ಶಾಲೆ, ಆಸ್ಪತ್ರೆ, ಮಠ ಎಲ್ಲ ಕಟ್ಟಿಕೊಂಡರು. ಅದನ್ನು ಕಂಡರೆ ನಿಮ್ಮ ಲೇಔಟಿನ ಕಮಾನು ದಾಟಿದ ಮೇಲೆ ಏನಿದೆ ಎಂಬ ಕೆಟ್ಟ ಕುತೂಹಲ ಹುಟ್ಟೀತು.

ಇನ್ನು ಕಾಗದಪತ್ರ. ಏಜೆಂಟನ ಬಳಿ ಬಣ್ಣದ ನಕ್ಷೆ ಇರುತ್ತದೆ, ಲ್ಯಾಮಿನೇಶನ್ ಮಾಡಿದ್ದು. ಪಾರ್ಕಿಗೆ ಹಸಿರು, ರಸ್ತೆಗೆ ಬೂದು, ನಿಮ್ಮ ಪ್ಲಾಟಿಗೆ ಹಳದಿ. ಲ್ಯಾಮಿನೇಶನ್ ಆದ ಕಾಗದ ಸುಳ್ಳಾಗಲು ಸಾಧ್ಯವಿಲ್ಲ ಎಂದು ನಂಬಿ. ಪಹಣಿಯ ಉತಾರ ತೋರಿಸಿ ಎನ್ನಬೇಡಿ. ಅದರಲ್ಲಿ ಇನ್ನೂ ಭತ್ತವೇ ಬೆಳೆಯುತ್ತಿರಬಹುದು. ಬಿನ್‌ಶೇತ್ಕಿ, ಅಂದರೆ ಎನ್‌ಎ ಆದೇಶ ಎಲ್ಲಿ ಎಂದೂ ಕೇಳಬೇಡಿ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಕೃಷಿ ಜಮೀನಿನಲ್ಲಿ ಮನೆ ಕಟ್ಟಲು ಪರಿವರ್ತನೆಯ ಆದೇಶ ಬೇಕು, ನಿಜ. ಪಂಚಾಯತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9, 11 ಬೇಕು, ಅದೂ ನಿಜ. ಇವೆಲ್ಲ ಗೊತ್ತಿದ್ದೂ ಕೇಳದೆ ಇರುವುದಕ್ಕೇ ಸಂಸ್ಕಾರ ಎನ್ನುವುದು. ಕೇಳಲೇಬೇಕೆನಿಸಿದರೆ ಹೀಗೆ ಕೇಳಿ: “ಎನ್‌ಎ ಎಲ್ಲಾ ಆಗ್ತದಲ್ರೀ?” ಉತ್ತರ ಬರುತ್ತದೆ: “ಆಗ್ತದ್ರೀ ಸಾಹೇಬ್ರ.”

ಇಲ್ಲಿ ಸ್ವಲ್ಪ ವ್ಯಾಕರಣ ಹೇಳಬೇಕು. ಕನ್ನಡದಲ್ಲಿ ‘ಆಗ್ತದೆ’ ಎಂದರೆ ಈಗ ಆಗುತ್ತಿದೆ ಎಂದೂ ಹೌದು, ಮುಂದೆ ಎಂದೋ ಆದೀತು ಎಂದೂ ಹೌದು, ಸಾಮಾನ್ಯವಾಗಿ ಲೋಕದಲ್ಲಿ ಇಂಥವೆಲ್ಲ ಆಗುತ್ತಿರುತ್ತವೆ ಎಂದೂ ಹೌದು. ಇಡೀ ರಿಯಲ್ ಎಸ್ಟೇಟ್ ವ್ಯವಹಾರ ಈ ಒಂದು ಕ್ರಿಯಾಪದದ ಮೇಲೆ ನಿಂತಿದೆ. ‘ಆಗಿದೆ’ ಎಂದು ಹೇಳಿಸಲು ಹಟ ಹಿಡಿಯಬೇಡಿ. ಹಾಗೆ ಹಟ ಹಿಡಿದವರು ಇನ್ನೂ ಬಾಡಿಗೆ ಮನೆಯಲ್ಲೇ ಇದ್ದಾರೆ, ನೆಮ್ಮದಿಯಾಗಿ.

ಈಗ ನೋಟ್‌ಬುಕ್ ತೆರೆಯಿರಿ. ಪ್ಲಾಟಿನ ಬೆಲೆ ಬರೆಯಿರಿ. ನೋಂದಣಿ ಖರ್ಚನ್ನು ಕಚೇರಿಯಲ್ಲಿ ವಿಚಾರಿಸದೆ, 2019ರಲ್ಲಿ ಪ್ಲಾಟು ಕೊಂಡ ನಿಮ್ಮ ಭಾವನವರನ್ನು ಕೇಳಿ. ನೋಂದಣಿ ಶುಲ್ಕ ಶೇಕಡಾ ಒಂದು ಎನ್ನುತ್ತಾರೆ. 2025ರ ಆಗಸ್ಟ್ 31ರಿಂದ ಅದು ಶೇಕಡಾ ಎರಡಾಗಿದೆ ಎಂಬ ಸುದ್ದಿ ಅವರಿಗೆ ತಲುಪಿರುವುದಿಲ್ಲ. 15 ಲಕ್ಷದ ಪ್ಲಾಟಿಗೆ ಒಂದರ ಲೆಕ್ಕದಲ್ಲಿ 15,000, ಎರಡರ ಲೆಕ್ಕದಲ್ಲಿ 30,000. ಮುದ್ರಾಂಕದ ಮಾತು ಬೇರೆ. ನೀವು 15,000 ಎಂದೇ ಬರೆಯಿರಿ. ಉಳಿದದ್ದನ್ನು ಉಪನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ನಿಂತು, ಸಾಕ್ಷಿ ಹಾಕಲು ಬಂದ ಅದೇ ಭಾವನವರ ಹತ್ತಿರ ಕೈಗಡ ಪಡೆಯಿರಿ. ಸಲಹೆ ಕೊಟ್ಟವರೇ ದುಡ್ಡನ್ನೂ ಕೊಡುವುದು ನ್ಯಾಯ.

ಉಳಿದ ಲೆಕ್ಕದ ಸೂತ್ರ ಸರಳ. ನೆಂಟರ ಕಣ್ಣಿಗೆ ಬೀಳುವುದನ್ನೆಲ್ಲ ಧಾರಾಳವಾಗಿ ಬರೆಯಿರಿ. ನೆಲದ ಕೆಳಗಿರುವುದನ್ನು, ಕಂಬದ ಮೇಲಿರುವುದನ್ನು ಬಿಡಿ. ಮುಂಬಾಗಿಲಿಗೆ ಸಾಗವಾನಿ, ಹಾಲ್‌ಗೆ ಪಿಒಪಿ, ಅಡುಗೆಮನೆಗೆ ಮಾಡ್ಯುಲರ್ ಕಪಾಟು, ಇವುಗಳ ಮುಂದೆ ಸರಿಯಾದ ಅಂಕಿ ಹಾಕಿ. ಕೊನೆಯಲ್ಲಿ ‘ಇತರೆ: 5,000’ ಎಂದು ಬರೆಯಿರಿ. ಆ ಐದು ಸಾವಿರದಲ್ಲಿ ಬೋರು, ಮೋಟಾರು, ಸಿಂಟೆಕ್ಸು, ಶೌಚದ ಗುಂಡಿ, ವಿದ್ಯುತ್ ಕಂಬ, ಸರ್ವಿಸ್ ವಯರು, ಗೇಟಿನ ಮುಂದೆ ಸುರಿಸಬೇಕಾದ ಖಡಿ, ಟೆಂಪೊ, ಹಮಾಲಿ, ಹಳೆ ಮನೆಯಲ್ಲಿ ಒಡೆದ ಸಿಂಕಿನ ದಂಡ, ಎಲ್ಲವೂ ಅಡಗುತ್ತವೆ. ಒಟ್ಟು ಕೂಡಿಸಿ. ಬಂದ ಮೊತ್ತ ಗ್ರ್ಯಾಚುಯಿಟಿಗಿಂತ ಹೆಚ್ಚಾದರೆ ಸಾಗವಾನಿಯನ್ನು ಮುಟ್ಟಬೇಡಿ, ಇತರೆಯನ್ನು 3,000ಕ್ಕೆ ಇಳಿಸಿ.

ವಿದ್ಯುತ್ತಿನ ಚಿಂತೆ ನಿಮಗೆ ಏಕೆ ಬೇಡ ಎಂಬುದಕ್ಕೆ ಗಟ್ಟಿ ಕಾರಣವಿದೆ. ನೀವಿರುವುದು ಕಾಳಿಯ ದಂಡೆಯಲ್ಲಿ. ಸೂಪಾ ಅಣೆಕಟ್ಟಿನ ಬುಡದಲ್ಲೇ 100 ಮೆಗಾವಾಟ್, ಕೆಳಗೆ ನಾಗಝರಿ, ಇನ್ನೂ ಕೆಳಗೆ ಕೊಡಸಳ್ಳಿ, ಕದ್ರಾ. ಇಡೀ ರಾಜ್ಯಕ್ಕೆ ಬೆಳಕು ಕೊಡುವ ನದಿ ತನ್ನ ಮಗ್ಗುಲಿನ ಮನೆಗೆ ಕೊಡದೆ ಇರುತ್ತದೆಯೇ? ಈ ತರ್ಕವನ್ನು ಹೆಸ್ಕಾಂ ಕಚೇರಿಯ ಕೌಂಟರಿನಲ್ಲಿ ಮಂಡಿಸಿ. ಲೇಔಟಿಗೆ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಬೇಕು, ಅದನ್ನು ಕೂರಿಸುವ ಖರ್ಚು ಲೇಔಟಿನವರದ್ದು ಎನ್ನುತ್ತಾರೆ. ಲೇಔಟಿನವರ ಫೋನು ಆಗ ವ್ಯಾಪ್ತಿ ಪ್ರದೇಶದ ಹೊರಗಿರುತ್ತದೆ. ನೀರಿಗೂ ಇದೇ ನ್ಯಾಯ ಅನ್ವಯಿಸಿ: ದಾಂಡೇಲಿಯಲ್ಲಿ ಪ್ರವಾಸಿಗರು ದುಡ್ಡು ಕೊಟ್ಟು ರಾಫ್ಟಿಂಗ್ ಮಾಡುವಷ್ಟು ನೀರಿರುವಾಗ ಸ್ನಾನಕ್ಕೆ ನಾಲ್ಕು ಬಕೆಟು ಎಲ್ಲಿಂದಲಾದರೂ ಬಂದೇ ಬರುತ್ತದೆ. ಟ್ಯಾಂಕರಿನಲ್ಲಿ ಬರುತ್ತದೆ.

ವಿಳಾಸ ಬದಲಿಸುವ ಕೆಲಸಕ್ಕೆ ಆತುರ ಬೇಡ. ಈ ಸೀಮೆಗೆ ಇದರಲ್ಲೊಂದು ಪರಂಪರೆಯಿದೆ. ಕಾಳಿ ಯೋಜನೆಗೆ ಸೂಪಾ ಊರೇ ಮುಳುಗಿತು. ಜನ ರಾಮನಗರಕ್ಕೂ ಸುತ್ತಲಿಗೂ ಗಂಟುಮೂಟೆ ಕಟ್ಟಿದರು. ತಾಲೂಕು ಕಚೇರಿ ಜೋಯಿಡಾದಲ್ಲಿ ಕೂತಿತು. ಹೀಗಿದ್ದೂ 2011ರ ಜನಗಣತಿಯ ಪಟ್ಟಿಯಲ್ಲೂ ತಾಲೂಕಿನ ಹೆಸರು ಸೂಪಾ ಎಂದೇ ಇತ್ತು. ನೀರಿನ ಅಡಿಯಲ್ಲಿರುವ ಊರೇ ಅಷ್ಟು ವರ್ಷ ವಿಳಾಸ ಬದಲಿಸದಿದ್ದಾಗ ನಿಮ್ಮ ಗ್ಯಾಸ್ ಬುಕ್ಕಿಗೇನು ಅವಸರ? ಆಧಾರ್, ರೇಷನ್ ಕಾರ್ಡು, ಬ್ಯಾಂಕು ಎಲ್ಲ ಹಳೆ ಮನೆಯ ಹೆಸರಿನಲ್ಲೇ ಇರಲಿ. ಬಾಡಿಗೆ ಮನೆಯಿಂದ ಹೊರಟವರು ಗೃಹಜ್ಯೋತಿಯ ಉಚಿತ ಕರೆಂಟನ್ನು ಹಳೆಯ ಮೀಟರಿನ ಆರ್‌ಆರ್ ನಂಬರಿಗೇ ಅಂಟಿಸಿಟ್ಟು ಬನ್ನಿ. ಮುಂದೆ ಬರುವ ಬಾಡಿಗೆದಾರ ನಿಮ್ಮನ್ನು ತಿಂಗಳು ತಿಂಗಳು ನೆನೆಯುತ್ತಾನೆ.

ಗೋಡೆ, ಸೂರು ಎದ್ದರೆ ಸಾಕು, ವಾಸ್ತುಶಾಂತಿ ವೈಶಾಖದಲ್ಲಿ ಮುಗಿಸಿ, ಕಿಟಕಿಗೆ ಕದ ಕೂರದಿದ್ದರೂ ಚಿಂತೆಯಿಲ್ಲ. ನಾನೂರು ಜನಕ್ಕೆ ಊಟ ಹಾಕಿ. ನೋಟ್‌ಬುಕ್ಕಿನಲ್ಲಿ ಇದೊಂದೇ ಲೆಕ್ಕ ತಾಳೆಯಾಗುತ್ತದೆ, ಏಕೆಂದರೆ ಅಡುಗೆಭಟ್ಟರು ಮುಂಗಡ ತೆಗೆದುಕೊಂಡಿರುತ್ತಾರೆ. ಆಯೇರಿಯಾಗಿ ಹನ್ನೊಂದು ಗೋಡೆ ಗಡಿಯಾರ ಬರುತ್ತವೆ. ಹಾಲು ಉಕ್ಕಿಸಿ, ಬೀಗ ಹಾಕಿ, ಕ್ವಾರ್ಟರ್ಸಿಗೆ ವಾಪಸು ಬನ್ನಿ.

ಸಾಮಾನು ಸಾಗಿಸಲು ಆಷಾಢದ ನಡುಮಧ್ಯ ಆರಿಸಿ. ಆ ತಿಂಗಳು ಯಾರೂ ಮನೆ ಬದಲಿಸುವುದಿಲ್ಲ, ಟೆಂಪೊ ಅಗ್ಗ. ಡ್ರೈವರನಿಗೆ “ಎರಡೇ ಟ್ರಿಪ್ಪು” ಎನ್ನಿ. ಮೂವತ್ತು ವರ್ಷದ ಸಂಸಾರ ಎರಡು ಟ್ರಿಪ್ಪಿಗೆ ಮುಗಿಯುವುದಿಲ್ಲ ಎಂಬುದು ಅವನಿಗೂ ಗೊತ್ತು, ನಿಮಗೂ ಗೊತ್ತು. ಚೌಕಾಶಿಗೆ ಅಂಕಿ ಬೇಕಲ್ಲ. ತಾಡಪತ್ರಿಗೆ ದುಡ್ಡು ದಂಡ ಮಾಡಬೇಡಿ, ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಖೋಕಾಗಳ ಮೇಲೆ ಒಳಗೇನಿದೆ ಎಂದು ಬರೆಯಬೇಡಿ. ಕಡ್ಡಿಪೆಟ್ಟಿಗೆ, ಗ್ಯಾಸಿನ ರೆಗ್ಯುಲೇಟರ್, ಬಿ.ಪಿ. ಮಾತ್ರೆ ಮೂರನ್ನೂ ಎಲ್ಲಕ್ಕಿಂತ ಕೆಳಗಿನ ಖೋಕಾಕ್ಕೆ ಹಾಕಿ, ಮೇಲೆ ಭಾಂಡೆ ಸಾಮಾನು ಪೇರಿಸಿ. ಯಾರೂ ಮೂವತ್ತು ವರ್ಷದಿಂದ ರುಬ್ಬದ ಒರಳುಕಲ್ಲನ್ನು ಮಾತ್ರ ಮೊದಲ ಟ್ರಿಪ್ಪಿಗೇ ಏರಿಸಿ. ಬಾಗಿಲು ಮಾಡಿಸಿ ಉಳಿದ ಸಾಗವಾನಿ ಹಲಗೆ ಎರಡಿದ್ದರೆ ಎಲ್ಲರಿಗೂ ಕಾಣುವ ಹಾಗೆ ಮೇಲಿಡಿ, ಕಟ್ಟಿಗೆ ಡಿಪೋದ ರಶೀದಿಯನ್ನು ಹಿತ್ತಲಿನಲ್ಲಿ ರದ್ದಿಯ ಜೊತೆ ಸುಟ್ಟುಬಿಡಿ. ಅರಣ್ಯ ಇಲಾಖೆಯ ತನಿಖಾ ನಾಕೆಯಲ್ಲಿ ಚಹಾ ಕುಡಿಯುವಷ್ಟು ಹೊತ್ತು ಮಾತುಕತೆ ಆಗುತ್ತದೆ.

ಲೇಔಟಿನ ಕಮಾನಿನವರೆಗೆ ಟೆಂಪೊ ಬರುತ್ತದೆ. ಅಲ್ಲಿಂದ ಒಳಗೆ ಆ ಕೆಂಪು ಮಣ್ಣಿನ ರಸ್ತೆ, ಫೆಬ್ರುವರಿಯಲ್ಲಿ ನೀವೇ ಮೆಚ್ಚಿಕೊಂಡದ್ದು. ಹಿಂದಿನ ಗಾಲಿ ಅರ್ಧ ಹೂತ ಮೇಲೆ ಹಮಾಲರು ಕೆಳಗಿಳಿದು ದೂರ ಅಳೆಯುತ್ತಾರೆ. ದರದ ಮಾತು ಈಗ ಶುರು ಮಾಡಿ, ಮೊದಲೇ ಅಲ್ಲ. ಮಳೆಯೂ ಇದೇ ಹೊತ್ತಿಗೆ ಬರುತ್ತದೆ. ತಿಜೋರಿ ರಸ್ತೆಯ ನಡುವೆ ನಿಂತಿದೆ, ಹಾಸಿಗೆ ನೆನೆಯುತ್ತಿದೆ, ನಿಮ್ಮ ಮನೆಯವರು ಹನ್ನೊಂದು ಗಡಿಯಾರಗಳ ಚೀಲವನ್ನು ಎದೆಗವಚಿಕೊಂಡಿದ್ದಾರೆ. ಇಂಥ ಸ್ಥಿತಿಯಲ್ಲಿ ಮಾಡಿದ ಚೌಕಾಶಿಯಲ್ಲಿ ಹಮಾಲರು ಎಂದೂ ಸೋತಿಲ್ಲ. ಕೇಳಿದಷ್ಟು ಕೊಟ್ಟು ‘ಇತರೆ’ಯಲ್ಲಿ ಬರೆದುಕೊಳ್ಳಿ.

ಮೊದಲ ರಾತ್ರಿ ಮೇಣದಬತ್ತಿ ಹಚ್ಚಿ. ಕಡ್ಡಿಪೆಟ್ಟಿಗೆಯನ್ನು ಪಕ್ಕದ ಮನೆಯಿಂದ ತನ್ನಿ, ಪಕ್ಕದ ಮನೆ ನಾಲ್ಕು ಪ್ಲಾಟು ಆಚೆ ಇದೆ. ಬೆಳಿಗ್ಗೆ ಭೋಂಗಾ ಕೇಳುವುದಿಲ್ಲ. ಗಡಿಯಾರಗಳಿಗೆ ಸೆಲ್ಲು ತರುವುದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಂದು ವಾರದಲ್ಲಿ ಬಕೆಟು ಹಿಡಿಯುವ ಸಮಯ, ಕೆಸರಿನಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಡುವ ಕ್ರಮ, ಕಾಡುಹಂದಿ ಬರುವ ಹೊತ್ತು ಎಲ್ಲ ರೂಢಿಯಾಗುತ್ತದೆ.

ಮುಂದಿನ ಶಿವರಾತ್ರಿಯ ಹೊತ್ತಿಗೆ ನೆಲ ಒಣಗಿರುತ್ತದೆ. ಒಂದು ಭಾನುವಾರ ಏಜೆಂಟನು ನಿಮ್ಮ ಮಗ್ಗುಲಿನ ಖಾಲಿ ಪ್ಲಾಟಿಗೆ ಗಿರಾಕಿಯನ್ನು ಕರೆತರುತ್ತಾನೆ. ಕ್ವಾರ್ಟರ್ಸಿನವರೇ ಇರಬೇಕು, ಕೈಯಲ್ಲಿ ಹೊಸ ನೋಟ್‌ಬುಕ್ ಇರುತ್ತದೆ. ಅಷ್ಟು ಪ್ಲಾಟುಗಳ ನಡುವೆ ಹತ್ತಿರದ ಮನೆ ನಿಮ್ಮದೊಂದೇ ಆದ್ದರಿಂದ ಬದುವಿನ ಮೇಲಿಂದ ನಿಮ್ಮನ್ನೇ ಕೂಗಿ ಕೇಳುತ್ತಾರೆ: “ಸರ, ಇಲ್ಲಿ ನೀರು, ಕರೆಂಟು ಎಲ್ಲಾ ಹ್ಯಾಂಗ್ರೀ?” ಅಕ್ಕಪಕ್ಕ ಮನೆಗಳಾದರೆ ತಾನೇ ಕಂಬ ಬರುವುದು. ಸಿಂಟೆಕ್ಸಿಗೆ ಒರಗಿ ನಿಂತು, ಏಜೆಂಟನ ಮುಖ ನೋಡದೆ, “ಆಗ್ತದ್ರೀ” ಎನ್ನಿ.